ಏಳು ಕೆಲಸದ ಚಾಕು

ಅಂಗಡಿಯ ಗಾಜಿನ ಮೇಜಿನ ಮೇಲೆ ಇಟ್ಟಿದ್ದ ಎರಡು ಚಾಕುಗಳನ್ನೂ ಮಾಯಮ್ಮ ಹಿಂದಕ್ಕೆ ತಳ್ಳಿದಳು. ಒಂದರಲ್ಲಿ ಹನ್ನೆರಡು ಸಾಮಾನು, ಮಡಚುವ ಚಮಚವೂ ಸೇರಿ, ಕೈಗೆ ಭಾರ. ಇನ್ನೊಂದು ಗುಲಾಬಿ ಬಣ್ಣದ್ದು, ಉಗುರು ಕತ್ತರಿ ಮತ್ತು ಹೆಬ್ಬೆರಳಗಲದ ಕನ್ನಡಿ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

"ಹೆಂಗಸ್ರು ಇದ್ನೇ ಜಾಸ್ತಿ ತಗೊಂಡೋಗೋದು," ಎಂದಳು ಕನಕಪುರದ ಆ ಹಾರ್ಡ್‌ವೇರ್ ಅಂಗಡಿಯ ಬದ್ರುನ್ನೀಸಾ. "ನಿಂಗೆ ಯಾವ್ ಕೆಲ್ಸಕ್ಕೆ ಬೇಕು?"

"ದಿನಾ ಜೊತೇಲಿ ಇಟ್ಕಳಕ್ಕೆ. ಗಾರ್ಮೆಂಟ್ಸಲ್ಲಿ ದಾರ ಕತ್ತರಿಸ್ಬೇಕು, ಮಿಷನ್ ಸ್ಕ್ರೂ ಸಡ್ಲ ಆಯ್ತಾ ಇರ್ತದೆ." ಮಾಯಮ್ಮ ತಲೆ ತಗ್ಗಿಸಿದಳು. "ಅಲಗು ಒಸಿ ಗಟ್ಟಿಯಾಗಿರ್ಬೇಕು. ಸಂಜೆ ಬಸ್ಸಿಳಿದು ರೇಷ್ಮೆ ತೋಟದ ಮಧ್ಯೆ ಒಂದ್ ಮೈಲಿ ನಡೀಬೇಕು ನಾನು."

ಬದ್ರುನ್ನೀಸಾ ಎರಡನ್ನೂ ಎತ್ತಿಟ್ಟಳು. ಒಳಗಿನಿಂದ ಕೆಂಪು ಹಿಡಿಯ ಇನ್ನೊಂದನ್ನು ತಂದಳು. ಕತ್ತರಿ, ಸ್ಕ್ರೂಡ್ರೈವರ್, ಅರ, ಚಿಮಟ, ಬಾಟ್ಲಿ ತೆಗೆಯೋದು, ಡಬ್ಬಿ ಕೊರೆಯೋದು, ಮತ್ತೆ ನಾಲ್ಕು ಬೆರಳುದ್ದದ ಅಲಗು. "ಇದ್ನ ಉಗುರು ಹಾಕಿ ಎಳೀಬೇಕಾಗಿಲ್ಲ, ಹೆಬ್ಬೆಟ್ಟಲ್ಲಿ ತಳ್ಳಿದ್ರೆ ಬರ್ತದೆ. ಬ್ಯಾಗಲ್ಲಿ ಇಡ್ಬೇಡ ಬೇಟಿ, ಜಿಪ್ ತೆಗ್ಯೋದ್ರೊಳ್ಗೆ ಹೊತ್ತು ಮೀರೋಗ್ತದೆ. ಸೊಂಟಕ್ಕೆ ಸಿಕ್ಕಿಸ್ಕೋ." ಅಷ್ಟಕ್ಕೇ ಬಿಡದೆ, ಅಲ್ಲೇ ನಿಲ್ಲಿಸಿ ಹತ್ತು ಸಲ ತೆಗೆಸಿ ಮುಚ್ಚಿಸಿದಳು.

ಎರಡು ತಿಂಗಳಿಂದ ಮಾದೇಶ ಆ ದಾರಿಯಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಊರಿನ ಡೈರಿಯಲ್ಲಿ ಹಾಲು ಅಳೆಯುವವನು. ಮೊದಮೊದಲು ಬರೀ ಮಾತು. ಹೋದ ವಾರ ಸೆರಗಿಗೇ ಕೈ ಹಾಕಿದ್ದ. ಗಂಡ ಕೆಂಪಯ್ಯನಿಗೆ ಹೇಳಿದರೆ ಅವನು ಹಸುವಿನ ಮೈ ಉಜ್ಜುವುದನ್ನೂ ನಿಲ್ಲಿಸದೆ, "ಬ್ಯಾರೆ ಹೆಂಗಸ್ರ ಜೊತೆ ಬಾ," ಎಂದಿದ್ದ. ಆ ಸ್ಟಾಪಿನಲ್ಲಿ ಇಳಿಯುವ ಹೆಂಗಸು ಅವಳೊಬ್ಬಳೇ.

ಚಾಕು ಕೊಂಡ ದಿನ ಸಂಜೆಯೂ ಮಾದೇಶ ಅಡ್ಡ ಬಂದ. ಮಾಯಮ್ಮ ಚಾಕುವನ್ನು ಸೊಂಟದಿಂದ ತೆಗೆದು ಹೆಬ್ಬೆರಳಲ್ಲಿ ತಳ್ಳಿದಳು. ಅವನು ಅಲಗನ್ನು ನೋಡಿದ, ಅವಳ ಮುಖ ನೋಡಿದ, ಬೈಕು ತಿರುಗಿಸಿಕೊಂಡು ಹೋದ. ಎರಡು ತಿಂಗಳಲ್ಲಿ ಮೊದಲ ಸಲ ಅವಳು ಓಡದೆ, ನಡೆದೇ ಮನೆ ಸೇರಿದಳು.

ಮಾರನೆಯ ಬೆಳಿಗ್ಗೆ ಡೈರಿಗೆ ಹೋದ ಕೆಂಪಯ್ಯ ತುಂಬಿದ ಕ್ಯಾನನ್ನು ಹಾಗೇ ವಾಪಸ್ಸು ಹೊತ್ತು ತಂದ.

"ಚಾಕು ಎಲ್ಲೈತೆ? ಕೊಡು ಇಲ್ಲಿ. ಮಾದೇಶಂಗೆ ತೋರ್ಸಿದ್ಯಂತೆ, ನೀರಾಲು ಅಂತ ಹಿಂದಕ್ಕೆ ಕಳ್ಸವ್ನೆ. ನಾಳೆ ಅವ್ನಿಗೆ ಒಂದ್ ಗೀರು ಬಿದ್ರೆ ಸ್ಟೇಷನ್ ಮೆಟ್ಲು ಹತ್ತೋನು ನಾನು."

"ಅವ್ನು ಸೆರಗಿಗೆ ಕೈ ಹಾಕ್ದ ಅಂತ ಹೇಳಿರ್ನಿಲ್ವಾ ನಿಂಗೆ?"

ಕೆಂಪಯ್ಯ ಅವಳ ಸೊಂಟದಿಂದ ಚಾಕು ಕಿತ್ತುಕೊಂಡ. ಅಲಗನ್ನು ಇಕ್ಕಳದಲ್ಲಿ ಹಿಡಿದು, ಜಗಲಿ ಕಲ್ಲಿಗೆ ಆನಿಸಿ ಸುತ್ತಿಗೆಯಿಂದ ಎರಡೇಟು ಹಾಕಿದ. ಬುಡಕ್ಕೆ ಸರಿಯಾಗಿ ಮುರಿಯಿತು. ಉಳಿದದ್ದನ್ನು ಟವೆಲ್ಲಿನಲ್ಲಿ ಒರೆಸಿ ಅವಳ ಮುಂದಿಟ್ಟ. ಅವನ ದನಿ ಮೆತ್ತಗಾಗಿತ್ತು. "ಕತ್ತರಿ ಐತೆ, ಸ್ಕ್ರೂಡ್ರೈವರ್ ಐತೆ. ನಿನ್ ಕೆಲ್ಸಕ್ಕೆ ಅಷ್ಟು ಸಾಕಲ್ಲ."

ದಿನವೆಲ್ಲ ಮಿಷನ್ ಮುಂದೆ ಕೂತು ಮಾಯಮ್ಮ ಒಂದೇ ಲೆಕ್ಕ ಹಾಕಿದಳು: ಅಲಗು ಮುರಿದಿರುವುದು ಮನೆಯವರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಮುಷ್ಟಿಯೊಳಗೆ ಕೆಂಪು ಹಿಡಿ ಕಂಡರೆ ಸಾಕು, ಮಾದೇಶ ದೂರವೇ ನಿಲ್ಲುತ್ತಾನೆ.

ಸಂಜೆ ಬಸ್ಸಿಳಿದವಳು ಹಿಡಿಯನ್ನು ಎದ್ದು ಕಾಣುವಂತೆ ಹಿಡಿದುಕೊಂಡಳು. ತೋಟದ ತಿರುವಿನಲ್ಲಿ ಮಾದೇಶ ಬೈಕಿಗೆ ಒರಗಿ ನಿಂತಿದ್ದ. ಅವಳು ಹೆಬ್ಬೆರಳನ್ನು ಹಿಡಿಯ ಮೇಲಿಟ್ಟು ನೆಟ್ಟಗೆ ನಡೆದಳು. ಅವನು ಅವಸರ ಮಾಡಲಿಲ್ಲ. ಬೀಡಿ ಎಸೆದು, ದಾರಿಯ ನಟ್ಟನಡುವೆ ಬಂದು ನಿಂತ.

"ಮಧ್ಯಾಹ್ನ ಕೆಂಪಯ್ಯಣ್ಣ ಡೈರಿ ತಾವ ಬಂದಿದ್ದ," ಎಂದ. "ಹೆದ್ರುಬ್ಯಾಡ ಕಣ್ಲಾ ಮಾದೇಶ, ಅಲಗು ಮುರ್ದಾಕಿವ್ನಿ ಅಂದ."