ಗಗನಳ ಮೊದಲ ದಾಸವಾಳ

ಕೊರೆದು ಮುಗಿಸಿದ ದಾಸವಾಳವನ್ನು ಒತ್ತಿ ನೋಡೋಣವೆಂದು ರಬ್ಬರ್ ತುಂಡನ್ನು ಎತ್ತಿಕೊಂಡಾಗ, ಅದರ ಹಿಂಬದಿಯ ಅಕ್ಷರಗಳು ಗಗನಳ ಬೆರಳಿಗೆ ತಾಗಿದವು. ಮೊಬೈಲ್ ವಿಡಿಯೊ ನೋಡಿ ಹೂವಿನ ಅಚ್ಚು ಕಲಿಯುವ ಹುರುಪಿನಲ್ಲಿ, ಚೂರುಪಾರಿನ ಡಬ್ಬಿಯ ತುಂಡೆಂದು ಅವಳು ಎತ್ತಿಕೊಂಡಿದ್ದು ತಾತ ಮಾದಯ್ಯ ಎರಡು ದಿನ ಕೂತು ಕೊರೆದು, ಹಿಡಿಗೆ ಅಂಟಿಸುವ ಮೊದಲು ಮಗುಚಿ ಇಟ್ಟಿದ್ದ ಪಂಚಾಯಿತಿಯ ಸೀಲನ್ನು.

“ಪಂಚಾಯ್ತಿಯೋರು ಬಂದವ್ರೆ, ಆ ಸೀಲ್ ತಗೊಂಬಾವ್ವ,” ಮದ್ದೂರಿನ ತನ್ನ ಪುಟ್ಟ ಸೀಲಿನ ಅಂಗಡಿಯ ಮುಂಭಾಗದಿಂದ ತಾತ ಕೂಗಿದ. ಹಿಂದೆಯೇ ತಾನೂ ಒಳಗೆ ಬಂದ.

“ತಾತ, ಗೊತ್ತಾಗ್ದೆ ಇದ್ರ ಬೆನ್ ಮ್ಯಾಲೆ ಕೊರ್ದ್‌ಬುಟ್ಟೆ,” ಎಂದು ಗಗನ ಸೀಲನ್ನು ಕೊಟ್ಟಳು. ಮಾದಯ್ಯ ಅದನ್ನು ಕಣ್ಣಿನ ಹತ್ತಿರ ಹಿಡಿದು, ಹೂವಿನ ಗೆರೆಗಳ ಆಳವನ್ನು ಉಗುರಿನಿಂದ ನೋಡಿದ. “ಇನ್ನೊಂದ್ ಕೂದ್ಲೆಳೆ ಒಳಕ್ಕೋಗಿದ್ರೆ ಸೀಲು ಹಾಳಾಗೋಯ್ತಿತ್ತು,” ಎಂದ. ಬೈಗುಳ ಈಗ ಬಂತು, ಈಗ ಬಂತು ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಟಪ್ ಎಂದಿತು. ಕಣ್ಣು ಬಿಟ್ಟರೆ ಎದುರಿನ ಹಾಳೆಯ ಮೇಲೆ ನೇರಳೆ ಮಸಿಯ ದಾಸವಾಳ.

“ಸರ್ಯಾಗಿ ನೋಡ್ಕೊಬುಡು ಕಣವ್ವ, ಆಮ್ಯಾಕೆ ಕಾಣಕ್ಕಿಲ್ಲ.” ತಾತ ಮಸಿ ಒರೆಸಿ, ಹೂವಿನ ಮೇಲೆಲ್ಲ ಅಂಟು ಸವರಿ, ಆ ಬದಿಯನ್ನು ಸೀಲಿನ ಮರದ ಹಿಡಿಗೆ ಒತ್ತಿ ಹಿಡಿದ.