ಬಿಗಿ ಮಾಡದ ಬೋಲ್ಟು

ತನ್ನ ಗಾಡಿಯ ಎಂಜಿನ್ ಮೇಲೆ ವಾಲ್ವ್ ಕವರ್ ಅಷ್ಟು ಸಲೀಸಾಗಿ ಕೂತಿದ್ದನ್ನು ಕಂಡೇ ಭಾವನಿಗೆ ಅನುಮಾನ ಬಂತು. ತಾನು ಹುಡುಕಿ ತರಿಸಿಕೊಟ್ಟ, ಕವರ್ ಒಳಗೆ ವಾಲ್ವ್‌ಗಳನ್ನು ಒತ್ತುವ ಎಂಟು ರೋಲರ್ ರಾಕರ್ ಆರ್ಮುಗಳು ಹಳೆಯವಕ್ಕಿಂತ ಅರ್ಧ ಬೆರಳು ಎತ್ತರ. ಕಂಪನಿ ಕವರ್ ಅವುಗಳ ಮೇಲೆ ಕೂರೋದೇ ಇಲ್ಲ ಅಂತ ಕೇಳಿದವರೆಲ್ಲ ಹೇಳಿದ್ದರು.

"ಹೊಸವನ್ನೇ ಹಾಕಿದ್ದೀಯ ತಾನೆ?"

"ಅವೇ ಭಾವ. ಕವರ್ ಒಳಗಿನ ತಗಡು ತಾಗ್ತಿತ್ತು, ಕತ್ತರಿಸಿ ಜಾಗ ಮಾಡ್ದೆ," ಅಂದ ಭಾಮೈದ, ಕೈಯ ಗ್ರೀಸ್ ಒರೆಸಿಕೊಳ್ಳುತ್ತ. ಗ್ಯಾರೇಜು ಅವನದೇ.

ಕಣ್ಣಿಗೆ ಮಣ್ಣೆರಚುತ್ತಿದ್ದಾನೆ ಅನ್ನಿಸಿತು ಭಾವನಿಗೆ. ಹಳೆಯವನ್ನೇ ಬಿಟ್ಟು, ಹೊಸವನ್ನು ಇನ್ಯಾರದೋ ಗಾಡಿಗೆ ಹಾಕಿದ್ದರೆ? ಬಿಚ್ಚು ಅಂದರೆ ಸಂಜೆಯೊಳಗೆ ಹೆಂಡತಿಯ ಕಿವಿಗೆ ಬೀಳುತ್ತದೆ, ತಮ್ಮನ ಮೇಲೇ ಅನುಮಾನವಾ ಅಂತ ಮುಖ ಊದಿಸಿಕೊಳ್ಳುತ್ತಾಳೆ. ಆದರೂ ಮನಸ್ಸು ತಡೆಯದೆ ತಾನೇ ಸ್ಪ್ಯಾನರ್ ಎತ್ತಿಕೊಂಡ. ಅದು ಬೇಕಾಗಲೇ ಇಲ್ಲ. ಮೊದಲ ಬೋಲ್ಟು ಬೆರಳಲ್ಲೇ ತಿರುಗಿ ಬಂತು. ಎರಡನೆಯದೂ ಹಾಗೇ.

"ಬೋಲ್ಟು ಬಿಗಿ ಮಾಡೋಕೂ ಬರಲ್ವೇನೋ ನಿನಗೆ?" ಗೊಣಗುತ್ತ ಕವರ್ ಎತ್ತಿದ. ಎಂಟೂ ಹೊಸ ಆರ್ಮುಗಳು ಎಣ್ಣೆಯಲ್ಲಿ ಮಿರುಗುತ್ತಿದ್ದವು.

ಭಾಮೈದ ಅವನ ಕೈಯಿಂದ ಮೆಲ್ಲಗೆ ಸ್ಪ್ಯಾನರ್ ತೆಗೆದುಕೊಂಡ.

"ನೀವು ಬಿಚ್ಚಿ ನೋಡ್ತೀರ ಅಂತ ಗೊತ್ತಿತ್ತು ಭಾವ. ಅದಕ್ಕೇ ಬಿಗಿ ಮಾಡಿರ್ಲಿಲ್ಲ."