ಒಬ್ಬರ ಪಾಲು

ಪುಟ್ಟ ಸೀಸೆಯಲ್ಲಿದ್ದ ಪ್ರೊಟೀನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ಆಗಷ್ಟೇ ಕರಗಿ ನೀರಾಗಿತ್ತು. ಅದನ್ನು ಚಿಕ್ಕ ಚಿಕ್ಕ ಕೊಳವೆಗಳಿಗೆ ಹಂಚಲು ಹಿರಿಯ ವಿಜ್ಞಾನಿ ಸಿದ್ಧರಾದರು. ಸಂಶೋಧನಾ ವಿದ್ಯಾರ್ಥಿನಿ ಪಕ್ಕದಲ್ಲಿ ನಿಂತು ಕೊಳವೆಗಳ ಮುಚ್ಚಳ ತೆಗೆಯುತ್ತಿದ್ದಳು.

"ಒಂದು ಕೊಳವೆ, ಒಂದೇ ಪ್ರಯೋಗಕ್ಕೆ. ಹಂಚಿ ಒಂದೇ ಸಲ ಫ್ರೀಜರಿಗೆ. ಆಮೇಲೆ ಕರಗಿದ್ದನ್ನ ಮತ್ತೆ ಒಳಗೆ ಹಾಕಿದ್ಯೋ, ಸತ್ತೇ ಹೋಯ್ತು ಅಂದ್ಕೋ" ಎಂದರು. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಲ್ಯಾಬಿನ ಹುಡುಗಿಯರು ಬೆನ್ನ ಹಿಂದೆ ಅವರನ್ನು ಐಸ್ ಅತ್ತೆ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಮದುವೆಯೇ ಆಗದವಳಿಗೆ ಇಷ್ಟೊಂದು ಸೊಸೆಯರಾ ಎಂದು ಒಳಗೊಳಗೇ ನಗುತ್ತಿದ್ದರು.

ಮನುಷ್ಯನ ಜೀನನ್ನು ಪತಂಗದ ಕೋಶಗಳಿಗೆ ಸೇರಿಸಿ, ಅವುಗಳ ಕೈಯಲ್ಲಿ ಮಾಡಿಸಿಕೊಂಡ ಕೈನೇಸ್ ಎಂಬ ಪ್ರೊಟೀನು ಅದು. ನಮ್ಮ ಕೋಶಗಳ ಒಳಗೆ ಆಕ್ಟಿನ್ ಎಂಬ ಎಳೆಗಳ ಹಂದರವಿದೆ. ಎಳೆ ಎಲ್ಲಿ ಬೆಳೆಯಬೇಕು, ಎಲ್ಲಿ ಬಿಗಿಯಬೇಕು ಎಂದು ನೋಡಿಕೊಳ್ಳುವ ಯಜಮಾನಿಕೆ ಇದರದ್ದು. ಇದು ಕೈಕೊಟ್ಟರೆ ಕೋಶ ಪಕ್ಕದ ಕೋಶದತ್ತ ಚಾಚಿಕೊಳ್ಳುವುದನ್ನೇ ಮರೆತು, ಉಂಡೆಯಾಗಿ, ಇದ್ದಲ್ಲೇ ಕೂತುಬಿಡುತ್ತದೆ. ಈ ಒಂದು ಸೀಸೆಗಾಗಿ ವಿದ್ಯಾರ್ಥಿನಿ ತಿಂಗಳುಗಟ್ಟಲೆ ಕಾದಿದ್ದಳು.

ಅವಳು ಕ್ಲಾಸಿಗೆಂದು ಹೊರಗೆ ಹೋದಾಗ ಮೇಜಿನ ಮೇಲಿದ್ದ ಫೋನು ಸದ್ದು ಮಾಡಿತು. ತಂಗಿಯದು.

"ಅಕ್ಕಾ, ಮೀಟಿಂಗಿಗೆ ಅಂತ ನಿಮ್ಮೂರಿಗೇ ಬಂದಿದೀನಿ ಕಣೇ. ಸಂಜೆ ಊಟಕ್ಕೆ ಬರ್ಲಾ?"

"ಅದನ್ನೂ ಕೇಳ್ಬೇಕೇನೇ? ಬಾ!"

ತಂಗಿ ಮನೆಗೆ ಬಂದು ವರ್ಷಗಳೇ ಆಗಿದ್ದವು. ಜಗಳವೇನೂ ಇರಲಿಲ್ಲ, ಇದ್ದಿದ್ದರೆ ರಾಜಿಯಾದರೂ ಆಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಮಾತು ತಾನಾಗಿಯೇ ಕಡಿಮೆಯಾಗುತ್ತ ಬಂದಿತ್ತು, ಅಷ್ಟೆ. ಫೋನಿಟ್ಟ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಅರ್ಧ ದಿನ ಕಳೆದ ಮೇಲೆ ವಿದ್ಯಾರ್ಥಿನಿ ಓಡಿ ಬಂದಳು. "ಮೇಡಂ, ಕೊಳವೆಗಳೆಲ್ಲ ಖಾಲಿ! ಸೀಸೆ ಫ್ರೀಜರಲ್ಲಿ ಕಲ್ಲಾಗಿ ಕೂತಿದೆ. ಹಂಚದೇ ಯಾರೋ ಹಾಗೇ ಇಟ್ಬಿಟ್ಟಿದಾರೆ. ಇನ್ನು ಹಂಚ್ಬೇಕಂದ್ರೆ ಮತ್ತೆ ಕರಗಿಸ್ಬೇಕು."

ಇಟ್ಟವರು ಯಾರೆಂದು ಅವರಿಗೆ ಆಗ ನೆನಪಾಯಿತು. "ನಾನೇ ಕಣಮ್ಮ."

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ ಮೇಡಂ." ಹುಡುಗಿಗೆ ಅಳುವೇ ಬಂದಿತ್ತು.

"ಇನ್ನೊಂದು ತರಿಸ್ಕೊಡ್ತೀನಿ. ಮೇಲಿನವರ ಹತ್ರ ಬೈಗುಳನೂ ನಾನೇ ತಿಂತೀನಿ, ಬಿಡು. ಇವತ್ತು ನನ್ನ ತಂಗಿ ಊಟಕ್ಕೆ ಬರ್ತಿದಾಳೆ!" ಐಸ್ ಅತ್ತೆಗೆ ಹೀಗೆ ಬಾಯ್ತುಂಬ ನಗಲು ಬರುತ್ತದೆಂದು ಹುಡುಗಿಗೆ ಅಂದೇ ಗೊತ್ತಾದದ್ದು.

ಲ್ಯಾಬಿನ ಅಭ್ಯಾಸ ಮನೆಗೂ ಬಂದು ಎಷ್ಟೋ ಕಾಲವಾಗಿತ್ತು. ರಜೆಯ ದಿನ ವಾರಕ್ಕಾಗುವಷ್ಟು ಅಡುಗೆ ಒಂದೇ ಸಲ ಮಾಡಿ, ಒಬ್ಬರ ಪಾಲಿನಷ್ಟು ಡಬ್ಬಿ ಡಬ್ಬಿಗೆ ಹಂಚಿ, ತಾರೀಖು ಅಂಟಿಸಿ ಫ್ರೀಜರಿನಲ್ಲಿಡುತ್ತಿದ್ದರು. ದಿನಕ್ಕೊಂದು ಹೊರಗೆ ಬರುತ್ತಿತ್ತು. ಆ ಸಂಜೆ ಎರಡು ಡಬ್ಬಿ ತೆಗೆದರು. ಎರಡೂ ಅಕ್ಕಪಕ್ಕ ಕೂತು ಬೆವರುತ್ತ ಕರಗುವುದನ್ನು ನೋಡುತ್ತ ನಿಂತರು, ಸುಮ್ಮಸುಮ್ಮನೆ ಖುಷಿಯಾಯಿತು. ಮೇಜಿನ ಆಚೆಯ ಕುರ್ಚಿಯ ಮೇಲೆ ಪೇರಿಸಿದ್ದ ಪತ್ರಿಕೆಗಳನ್ನು ಕೆಳಗಿಳಿಸಿ, ಅದರ ಧೂಳು ಒರೆಸಿದರು. ಎರಡು ತಟ್ಟೆ ಇಟ್ಟರು.

ಅಷ್ಟರಲ್ಲಿ ಫೋನು ಬಂತು.

"ಅಕ್ಕಾ, ಬೇಜಾರು ಮಾಡ್ಕೋಬೇಡ ಕಣೇ. ಆಫೀಸಿನವರು ಬಿಡ್ಲೇ ಇಲ್ಲ, ಇಲ್ಲೇ ಊಟ ಆಗ್ಹೋಯ್ತು. ಬೆಳಗಾದ್ರೆ ಟ್ರೈನು. ನನ್ನ ಪಾಲನ್ನ ಫ್ರೀಜರಲ್ಲಿ ಇಟ್ಟಿರು, ಮುಂದಿನ ಸಲ ಬಂದಾಗ ತಿಂತೀನಿ."

"ಆಯ್ತು ಪುಟ್ಟಿ" ಎಂದರು.

ತಮ್ಮ ಪಾಲನ್ನು ಉಂಡು, ತಟ್ಟೆ ತೊಳೆದಿಟ್ಟರು. ಇನ್ನೊಂದು ಡಬ್ಬಿಗೆ ಮುಚ್ಚಳ ಹಾಕಿ, ಫ್ರೀಜರಿನ ಬಾಗಿಲು ತೆರೆದು, ಆ ತಣ್ಣನೆಯ ಹೊಗೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಡಬ್ಬಿಯನ್ನು ಒಳಗಿಡದೆಯೇ ಬಾಗಿಲು ಹಾಕಿದರು.

ಆಮೇಲೆ ಮೇಜಿನ ಆಚೆಗೆ ಹೋಗಿ, ಒರೆಸಿಟ್ಟಿದ್ದ ಕುರ್ಚಿಯಲ್ಲಿ ಕೂತು, ತಂಗಿಯ ತಟ್ಟೆಗೆ ಬಡಿಸಿಕೊಂಡು, ಎದುರಿಗಿದ್ದ ತಮ್ಮ ಖಾಲಿ ಕುರ್ಚಿಯನ್ನು ನೋಡುತ್ತ ಮೊದಲ ತುತ್ತು ಎತ್ತಿದರು.